ಜೀಪಿನ ಆಕ್ಸಲ್ ಮೇಲೆ ಕೂತ ಮೇಡಂ

ಮೇಡಂ ಅವರನ್ನು ನಾನು ಮೊದಲು ನೋಡಿದ್ದು ಮೂಡಿಗೆರೆಯಿಂದ ಗೋಣಿಬೀಡಿಗೆ ಬಂದು ನಿಂತ ಬಸ್ಸಿನ ಕಿಟಕಿಯಲ್ಲಿ. ತಲೆ ಹೊರಗಿತ್ತು. ಒಂದು ಕೈ ಕಿಟಕಿಯ ಸರಳನ್ನು ಹಿಡಿದಿತ್ತು, ಇನ್ನೊಂದರಲ್ಲಿ ಅರ್ಧ ಹೋಳು ನಿಂಬೆಹಣ್ಣಿತ್ತು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ದಾರಿಯುದ್ದಕ್ಕೂ ಹಂಚುತ್ತ ಬಂದಿದ್ದಾರೆ ಎನ್ನುವುದು ಬಸ್ಸಿನ ಮೈ ನೋಡಿದರೇ ತಿಳಿಯುತ್ತಿತ್ತು. ಇಳಿದವರು ಅಂಗಡಿಯ ನಲ್ಲಿಯಲ್ಲಿ ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಸೀದಾ ಡ್ರೈವರ್ ಹತ್ತಿರ ಹೋದರು.

"ತಿರುವಲ್ಲಿ ಒಂದೇ ಸಮ ತಿರುಗಿಸ್ಬೇಕಪ್ಪ. ಅರ್ಧದಲ್ಲಿ ಮನಸ್ಸು ಬದಲಾಯಿಸ್ಬಾರ್ದು" ಎಂದರು.

ಡ್ರೈವರ್ ಪಾಪ, ಇದು ಯಾವುದೋ ಸಂಸಾರದ ಬುದ್ಧಿವಾದವೆಂದು ತಿಳಿದು ತಲೆ ತಗ್ಗಿಸಿ ನಿಂತ.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಊರಲ್ಲಿ ಆಗಲೇ ಅವರ ಬಗ್ಗೆ ಕತೆಗಳು ಬೆಳೆಯುತ್ತಿವೆ. ಮೊನ್ನೆ ಚಹದ ಅಂಗಡಿಯಲ್ಲಿ ಒಬ್ಬರು, ಆ ಮೇಡಂ ನಮ್ಮ ಕಣದಲ್ಲಿ ಹೆಲಿಕಾಪ್ಟರ್ ಕಟ್ಟಲು ಹೋಗಿ ಸೋತರು ಎಂದು ಗಂಭೀರವಾಗಿ ವಿವರಿಸುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ಹೆಲಿಕಾಪ್ಟರ್ ಅಲ್ಲ ಎಂದರೆ, "ಹಂಗಾದ್ರೆ ಎಂತ ಮಾರಾಯ, ಮೇಲಕ್ಕೆ ಏಳದೇ ಹೋದ ಹೆಲಿಕಾಪ್ಟರ್ ತಾನೇ?" ಎಂದರು. ಮೇಡಂ ಅವರ ಪಕ್ಕದ ತೋಟದವನಾಗಿ, ಆ ಯಂತ್ರವನ್ನು ಸ್ವಂತ ಹೆಗಲು ಕೊಟ್ಟು ಸುತ್ತಿಸಿದವನಾಗಿ, ನಡೆದದ್ದನ್ನು ನಡೆದ ಹಾಗೆ ಹೇಳುವುದು ನನ್ನ ಕರ್ತವ್ಯ.

ಮೇಡಂ ಯಾವುದೋ ದೂರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಂದೆಯಿಂದ ಪಾಲಿಗೆ ಬಂದ ಒಂದಿಷ್ಟು ಕಾಫಿ ತೋಟ ನಮ್ಮ ಬೇಲಿಗೆ ಹತ್ತಿಕೊಂಡೇ ಇತ್ತು. ಅಲ್ಲಿ ಎರಡು ಕೋಣೆಯ ತಾರಸಿ ಮನೆ ಕಟ್ಟಿಸಿ, ತೋಟ ನೋಡಿಕೊಳ್ಳುವ ಕೆಲಸವನ್ನು ನನಗೆ ಅಂಟಿಸಿ, ನಿಶ್ಚಿಂತೆಯಿಂದ ಇದ್ದರು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಇದ್ದದ್ದು ನನ್ನ ಹೆಂಡತಿ ಸುಜಾತಳಿಗೆ ಮಾತ್ರ. "ಬಂದವ್ರು ಯಾರೂ ಸ್ಥಿರವಾಗಿರ್ಲಿಲ್ಲ ಕಣೇ" ಎಂದರಂತೆ.

ಈ 'ಸ್ಥಿರ' ಎನ್ನುವ ಶಬ್ದವೇ ಅವರ ಇಡೀ ಸರ್ವಿಸ್ಸು. ಅವರು ಜೀವಮಾನವೆಲ್ಲ ಲೆಕ್ಕ ಹಾಕಿದ್ದು ಒಂದೇ ಸಂಗತಿಯನ್ನು. ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ಅದನ್ನು ನಮಗೆ ತಿಳಿಸಲು ನೋಡಿದರು.

"ನಿಮ್ಮ ಹಣ್ಣು ಸುಲಿಯೋ ಪಲ್ಪರ್ ಹತ್ರ ಕಾಫಿ ಬೀಜ ತೊಳೆಯೋ ಕಾಲುವೆ ಇದೆಯಲ್ಲ, ಅದರಲ್ಲಿ ನೀರು ನೆಟ್ಟಗೆ ಹರೀತದೆ. ಈಗ ಆ ಕಾಲುವೆಯನ್ನೇ ಎತ್ತಿ ತಿರುಗೋ ಹಲಗೆ ಮೇಲಿಟ್ಟು ಸುತ್ತಿಸಿದ್ರೆ ಒಳಗಿನ ನೀರಿಗೆ ಎಂತ ಆಗ್ತದೆ?"

"ಚೆಲ್ತದೆ" ಎಂದೆ.

"ಮುಚ್ಚಿದ ಕಾಲುವೆ ಮಾರಾಯ."

"ತಲೆ ತಿರುಗ್ತದೆ" ಎಂದಳು ಸುಜಾತ.

ಮೇಡಂ ಲೋಟ ಕೆಳಗಿಟ್ಟರು. ತರಗತಿಯಲ್ಲಿ ಯಾರೂ ಕೊಡದ ಉತ್ತರ ಸಿಕ್ಕಿದವರ ಹಾಗೆ ಅವಳ ಮುಖವನ್ನೇ ನೋಡಿದರು. "ಅರ್ಧ ಸರಿ! ಅರ್ಧ ನೀರಿಗೆ ತಲೆ ತಿರುಗ್ತದೆ. ಒಂದು ಗೋಡೆ ಹತ್ರ ಇರೋ ನೀರು ಹುಚ್ಚೆದ್ದು ಸುರುಳಿ ಸುರುಳಿಯಾಗಿ ಹೊರಳಕ್ಕೆ ಶುರು ಮಾಡ್ತದೆ. ಎದುರಿನ ಗೋಡೆ ಹತ್ರದ ನೀರು ಮೊದಲಿಗಿಂತ ಸಮಾಧಾನ ಆಗ್ತದೆ. ಒಂದೇ ಕಾಲುವೆ, ಒಂದೇ ನೀರು, ಒಂದೇ ಸುತ್ತು!"

"ಪಂಚಾಯ್ತಿ ಮೀಟಿಂಗಿನ ಹಾಗೆ" ಎಂದೆ. ಅಲ್ಲಿಯೂ ಒಂದು ಗೋಡೆಯ ಕಡೆಯವರು ಕುರ್ಚಿ ಎತ್ತುತ್ತಾರೆ, ಎದುರಿನವರು ನಿದ್ದೆ ಮಾಡುತ್ತಾರೆ.

"ಇನ್ನೂ ಜೋರಾಗಿ ಸುತ್ತಿಸಿದ್ರೆ ಅಕ್ಕಾ?" ಎಂದಳು ಸುಜಾತ.

"ಆಗ ಎರಡೂ ಕಡೆಯೂ ಸುಮ್ಮನಾಗ್ತದೆ."

"ಎಂತಕ್ಕೆ?"

"ಅದನ್ನ ಹೇಳಕ್ಕೆ ಇಡೀ ಸರ್ವಿಸ್ ಸಂಬಳ ತಗೊಂಡಿದೀನಿ. ಒಂದು ಲೋಟ ಕಾಫಿಗೆ ಹೇಳಕ್ಕಾಗಲ್ಲ" ಎಂದು ಎದ್ದರು. ನಮ್ಮ ಜಗಲಿಯ ತೂಗುಮಣೆಯಲ್ಲಿ ಕೂತಿದ್ದರೂ ಅವರ ಎರಡು ಕಾಲೂ ನೆಲಕ್ಕೆ ಮೊಳೆ ಹೊಡೆದ ಹಾಗೆ ಊರಿರುತ್ತಿದ್ದವು. ಮಣೆ ಒಂದಿಷ್ಟು ಅಲುಗಿದರೂ ಅವರಿಗೆ ಹೊಟ್ಟೆ ತೊಳಸುತ್ತಿತ್ತು.

ಅವರದ್ದೊಂದು ಕೆಟ್ಟ ಅಭ್ಯಾಸವನ್ನು ಇಲ್ಲಿ ಹೇಳದಿದ್ದರೆ ಊರಿನವರು ನನ್ನನ್ನು ಕ್ಷಮಿಸುವುದಿಲ್ಲ. ಯಾವುದೇ ಹರಿವು ಗಟ್ಟಿಯೋ ಅಲ್ಲವೋ ತಿಳಿಯಬೇಕಾದರೆ ಅದಕ್ಕೆ ಒಂದು ಸಣ್ಣ ಕಿರುಕುಳ ಕೊಟ್ಟು ನೋಡಬೇಕಂತೆ. ಕಿರುಕುಳ ತಾನಾಗಿಯೇ ಸತ್ತುಹೋದರೆ ಸ್ಥಿರ, ಬೆಳೆಯುತ್ತ ಹೋದರೆ ಅಸ್ಥಿರ. ಇದು ನೀರಿಗೆ ಹೇಳಿದ ಮಾತು. ಮೇಡಂ ಇದನ್ನು ಮನುಷ್ಯರ ಮೇಲೆ ಪ್ರಯೋಗಿಸುತ್ತಿದ್ದರು.

ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಒಂದು ದಿನ, "ನಿಮ್ಮ ಮೀಸೆ ಎಡಗಡೆ ಒಂಚೂರು ಉದ್ದ ಇದೆಯಲ್ಲ" ಎಂದರು. ಅಷ್ಟೇ ಅಂದದ್ದು. ರೈಟರು ಮನೆಗೆ ಹೋಗಿ ಎಡಗಡೆ ಕತ್ತರಿಸಿದರು. ಆಗ ಬಲಗಡೆ ಉದ್ದವಾಯಿತು. ಬಲಗಡೆ ಕತ್ತರಿಸಿದರು. ವಾರ ತುಂಬುವುದರೊಳಗೆ ಅವರ ಮೇಲ್ತುಟಿ ಬೋಳಾಗಿ, ಎಸ್ಟೇಟಿನ ಕೆಲಸದವರು ಯಾರೋ ಹೊಸ ರೈಟರ್ ಬಂದಿದ್ದಾರೆಂದು ನಮಸ್ಕಾರ ಮಾಡಿದರು. "ಅಸ್ಥಿರ" ಎಂದು ಮೇಡಂ ತೀರ್ಪು ಕೊಟ್ಟರು. ಸುಜಾತಳ ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆಯಾಗಿದೆ ಎಂದು ಹೇಳಿ ಹೋದದ್ದರಿಂದ ನಾನು ಎಷ್ಟು ದಿನ ಉಪ್ಪಿನ ಸಮುದ್ರ ಉಂಡೆನೆಂದು ಈಗ ಬೇಡ. ನನ್ನನ್ನು ಪರೀಕ್ಷಿಸಲು ದಿನಪತ್ರಿಕೆಯ ಹಾಳೆಗಳನ್ನು ಹಿಂದು ಮುಂದು ಮಾಡಿ ಇಟ್ಟಿದ್ದರು. ನನ್ನ ಫಲಿತಾಂಶವನ್ನು ನಾನು ಹೇಳುವುದಿಲ್ಲ.

ಅವರ ಪರೀಕ್ಷೆಯಲ್ಲಿ ಪೂರ್ತಿ ಪಾಸಾದವನು ಒಬ್ಬನೇ, ಗೋಣಿಬೀಡಿನ ಮೆಕ್ಯಾನಿಕ್ ಹನೀಫ. ಅವನ ಜೀಪನ್ನು ಸುತ್ತು ಹಾಕಿ ನೋಡಿ, "ಹನೀಫ, ನಿನ್ನ ಜೀಪು ಎಡಕ್ಕೆ ವಾಲಿದೆ" ಎಂದಿದ್ದರು. "ಹೌದು ಮೇಡಂ, ಅದು ಹುಟ್ಟಾ ಹಂಗೇ" ಎಂದ ಹನೀಫ ಅದರ ಕೆಳಗೇ ಗೋಣಿಚೀಲ ಹಾಸಿ ಮಲಗಿ ಗೊರಕೆ ಹೊಡೆದ. ಮೇಡಂ ನಿಂತು ಸ್ವಲ್ಪ ಹೊತ್ತು ಆ ಗೊರಕೆ ಕೇಳಿದರು. ಅಂದಿನಿಂದ ಅವನ ಮೇಲೆ ಅವರಿಗೆ ಅಪಾರ ಗೌರವ.

ಸಂಸೆಯಲ್ಲಿ ಅವರ ತಂಗಿಯ ಮಗಳ ಮನೆಯ ಗೃಹಪ್ರವೇಶ. ಹನೀಫನ ಜೀಪಿನಲ್ಲಿ ನಾವು ಮೂವರು ಹೊರಟೆವು. ಮುಂದಿನ ಸೀಟಿನಲ್ಲಿ ಮೇಡಂ, ಹಿಂದೆ ನಾನು ಮತ್ತು ಅವರ ನಿಂಬೆಹಣ್ಣಿನ ಚೀಲ. ಕೊಟ್ಟಿಗೆಹಾರ ದಾಟಿದ ಮೇಲೆ ಎಂದಿನಂತೆ ಶುರುವಾಯಿತು. ಜೀಪು ನಿಲ್ಲಿಸುವುದು, ಮೇಡಂ ಇಳಿಯುವುದು, ಹತ್ತುವುದು, ಮತ್ತೆ ನಿಲ್ಲಿಸುವುದು. ಎರಡು ವಾಂತಿಗಳ ನಡುವೆ ಅವರು ಹನೀಫನಿಗೆ ತಿರುವಿನ ಒಳಗಡೆ ಚಕ್ರ ಎಷ್ಟು ತಿರುಗುತ್ತದೆ, ಹೊರಗಡೆಯದು ಎಷ್ಟು ಎಂದು ಪಾಠ ಮಾಡುತ್ತಿದ್ದರು. ಕಳಸ ಇನ್ನೂ ದೂರ ಇರುವಾಗಲೇ ನಿಂಬೆಹಣ್ಣು ಮುಗಿದವು. ರಸ್ತೆ ಪಕ್ಕದ ಒಂದು ಬಂಡೆಯ ಮೇಲೆ ಅವರನ್ನು ಕೂರಿಸಿದೆವು.

"ಅಲ್ಲ ಮೇಡಂ" ಎಂದ ಹನೀಫ, ಅವರ ಕೈಗೆ ಒಂದು ತುಂಡು ಶುಂಠಿ ಕೊಡುತ್ತ. "ನೀವು ಸುತ್ತೋದ್ರ ಬಗ್ಗೆನೇ ಓದಿದವ್ರು. ನಿಮಗೇ ಸುತ್ತೋದು ಆಗಲ್ಲ ಅಂದ್ರೆ ಹೆಂಗೆ?"

"ನೀರಿನ ಬಗ್ಗೇನೂ ಓದಿದೀನಿ. ಈಜಕ್ಕೂ ಬರಲ್ಲ" ಎಂದರು. ಶುಂಠಿ ಜಗಿದರು. ಆಮೇಲೆ ಅವರ ದನಿ ಬೇರೆಯಾಯಿತು. "ನೋಡೂ ಇಲ್ಲ ಹನೀಫ."

"ಎಂತ ನೋಡಿಲ್ಲ?"

"ಆ ಸುರುಳಿಗಳನ್ನ. ನನ್ನ ಲೆಕ್ಕದಲ್ಲಿ ಇದಾವೆ. ಬೇರೆ ಕಡೆಯವ್ರು ಫೋಟೋ ತೆಗ್ದು ಹಾಕಿದಾರೆ. ನಾನು ಇಷ್ಟು ವರ್ಷ ಅದರದ್ದೇ ಪಾಠ ಹೇಳಿ, ನನ್ನ ಕಣ್ಣಾರೆ ಒಂದು ಸಲಾನೂ ನೋಡಿಲ್ಲ. ನಮ್ಮ ಕಾಲೇಜಲ್ಲಿ ಸುತ್ತುತ್ತಿದ್ದಿದ್ದು ಫ್ಯಾನ್ ಒಂದೇ."

"ಈಗ ನೋಡಿದ್ರಾಯ್ತು" ಎಂದೆ ನಾನು, ಸಮಾಧಾನಕ್ಕೆ.

"ಈಗಲೇ ನೋಡ್ಬೇಕು ಮಾರಾಯ. ಎಡಗಣ್ಣು ಆಗಲೇ ರಿಟೈರ್ ಆಗಿದೆ. ಬಲಗಣ್ಣೂ ಸುತ್ತಲಿಂದ ಮುಚ್ಕೊಂಡು ಬರ್ತಾ ಇದೆ. ಈಗ ಪೈಪಿನೊಳಗಿಂದ ನೋಡಿದ ಹಂಗೆ ನಡುವೆ ಮಾತ್ರ ಕಾಣ್ತದೆ. ಹಾಸನದ ಡಾಕ್ಟ್ರು ಬರೋ ಮಳೆಗಾಲ ದಾಟೋದು ಕಷ್ಟ ಅಂದಿದಾರೆ. ಕಣ್ಣಿಗೆ ಹೇಳಿದ್ದು, ನಂಗಲ್ಲ."

ಇಷ್ಟು ದಿನ ಅವರು ನಮ್ಮ ಮೆಟ್ಟಿಲಲ್ಲಿ ತಡವರಿಸುತ್ತಿದ್ದದ್ದು ತಲೆಸುತ್ತಿನಿಂದ ಎಂದುಕೊಂಡು ನಾವು ನಕ್ಕಿದ್ದೆವು. ಹನೀಫ ಕೈಗೆ ಅಂಟಿದ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಯೋಚಿಸುತ್ತಿದ್ದ.

"ಎಷ್ಟು ಭಾರ ಸುತ್ತಬೇಕು ಮೇಡಂ?" ಎಂದು ಕೇಳಿದ.

ಗೃಹಪ್ರವೇಶದ ಊಟದ ಎಲೆಯ ಮುಂದೆ ಅವರಿಬ್ಬರದ್ದೂ ಇದೇ ಮಾತು. ಹೋಳಿಗೆ ಬಡಿಸಲು ಬಂದವರಿಗೆ ಮೇಡಂ, "ಬೇರಿಂಗ್ ಒಳ್ಳೇದಿರ್ಬೇಕು" ಎಂದರು.

ಹನೀಫನ ಗ್ಯಾರೇಜಿನ ಹಿಂದೆ ಒಂದು ಹಳೆಯ ಜೀಪಿನ ಹಿಂದಿನ ಆಕ್ಸಲ್ ಬಿದ್ದಿತ್ತು. ಅದನ್ನು ಅರ್ಧಕ್ಕೆ ಕತ್ತರಿಸಿ, ಚಕ್ರ ಕೂರುವ ತುದಿ ಮೇಲೆ ಬರುವ ಹಾಗೆ, ನಮ್ಮ ಕಾಫಿ ಕಣದ ಮೂಲೆಯಲ್ಲಿ ಕಾಂಕ್ರೀಟು ಹಾಕಿ ನೆಟ್ಟ. ಅಲ್ಲಿ ಕಾಳುಮೆಣಸು ಒಣಗಿಸಬೇಕೆಂದಿದ್ದ ಸುಜಾತ ನನ್ನೊಡನೆ ಮಾತು ಬಿಟ್ಟಳು, ಮೇಡಂಗೆ ಮಾತ್ರ ಕಾಫಿ ಕೊಟ್ಟಳು. ಆಕ್ಸಲ್ ಮೇಲೆ ಚಕ್ರದ ರಿಮ್ಮು, ರಿಮ್ಮಿನ ಮೇಲೆ ಅಡ್ಡಕ್ಕೆ ಉದ್ದನೆಯ ಹಲಸಿನ ಹಲಗೆ. ಹಲಗೆಯ ಮೇಲೆ ಎರಡು ಉದ್ದ ಗಾಜುಗಳನ್ನು ಬೆರಳಗಲದ ಅಂತರದಲ್ಲಿ ಎದುರುಬದುರಾಗಿ ನಿಲ್ಲಿಸಿ ಅಂಟಿಸಿದ್ದರು. ಅದೇ ಕಾಲುವೆ. ಒಂದು ತುದಿಯಲ್ಲಿ ಔಷಧಿ ಹೊಡೆಯುವ ಪ್ಲಾಸ್ಟಿಕ್ ಡ್ರಮ್ಮು, ಅದರಿಂದ ನೀರು ಗಾಜಿನ ನಡುವೆ ಹರಿದು ಇನ್ನೊಂದು ತುದಿಯಲ್ಲಿ ಕಣಕ್ಕೆ ಸುರಿಯಬೇಕು. ನೀರಿನ ಆಟ ಕಾಣಲೆಂದು ಗೇಟಿಗೆ ಬಳಿಯುವ ಬೆಳ್ಳಿ ಬಣ್ಣದ ಪುಡಿಯನ್ನು ಡ್ರಮ್ಮಿಗೆ ಬೆರೆಸಿದರು. ಕಾಲುವೆಗೆ ಮುಖ ಮಾಡಿ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹಲಗೆಗೇ ಬಿಗಿದಿದ್ದ ಹನೀಫ.

"ಕುರ್ಚಿ ಎಂತಕ್ಕೆ?" ಎಂದೆ.

"ಹೊರಗೆ ನಿಂತು ನೋಡಿದ್ರೆ ಕಾಲುವೆ ನಿನ್ನ ಮುಂದಿಂದ ಓಡಿಹೋಗ್ತದೆ. ಸುರುಳಿ ಕಾಣಬೇಕಾದ್ರೆ ನೀರಿನ ಜೊತೇಲೇ ಸುತ್ತಬೇಕು" ಎಂದರು ಮೇಡಂ. ಹೇಳಿದ ಮೇಲೆ ಆ ಕುರ್ಚಿಯನ್ನೇ ನೋಡಿದರು. ತೂಗುಮಣೆಯಲ್ಲೂ ಕೂರಲಾಗದ ಹೆಂಗಸು ನೀರಿನ ಜೊತೆಯಲ್ಲಿ ಸುತ್ತಬೇಕಾಗಿತ್ತು.

ಮೊಬೈಲ್ ಕಟ್ಟಿ ವಿಡಿಯೋ ಮಾಡಿದರಾಯಿತು ಎಂದು ಬುದ್ಧಿವಂತಿಕೆ ತೋರಿಸಿದವನು ನಾನು. ನನ್ನ ಹೊಸ ಮೊಬೈಲನ್ನೇ ಕುರ್ಚಿಗೆ ಕಟ್ಟಿದೆವು. ಕೈಯಿಂದ ಸುತ್ತಿಸಿ ಸುಸ್ತಾಗುವುದು ಯಾಕೆಂದು ಹನೀಫ ಪಲ್ಪರಿನ ಇಂಜಿನ್ನಿನಿಂದ ಬೆಲ್ಟ್ ಎಳೆದು ರಿಮ್ಮಿಗೆ ಸುತ್ತಿದ. "ನಿಧಾನಕ್ಕೆ ಹನೀಫ, ಬಹಳ ನಿಧಾನ ಸಾಕು" ಎಂದು ಮೇಡಂ ಕೂಗುತ್ತಿದ್ದರು. ಇಂಜಿನ್ನಿಗೆ ನಿಧಾನ ಎನ್ನುವುದು ಗೊತ್ತಿರಲಿಲ್ಲ. ಅದು ಕೆಮ್ಮಿತು, ಹೊಗೆ ಬಿಟ್ಟಿತು, ಆಮೇಲೆ ಒಮ್ಮೆಲೇ ಎಲ್ಲವೂ ಸುತ್ತಿತು. ಡ್ರಮ್ಮಿನ ಮುಚ್ಚಳ ಹಾರಿ ಬೆಳ್ಳಿ ನೀರು ಕಣದ ನಾಲ್ಕೂ ದಿಕ್ಕಿಗೆ ಎರಚಿತು. ನಾವು ನೆಲಕ್ಕೆ ಬಿದ್ದುಕೊಂಡೆವು. ನನ್ನ ಮೊಬೈಲು ನಮ್ಮ ತಲೆಯ ಮೇಲಿಂದ ಹಾದು ಕಾಫಿ ಸಿಪ್ಪೆಯ ಗುಂಡಿಗೆ ಹೋಯಿತು. ಬೆಲ್ಟು ಕಳಚಿ ಎಲ್ಲ ನಿಂತಾಗ ನಾವು ನಾಲ್ವರೂ ಹೊಸದಾಗಿ ಬಣ್ಣ ಬಳಿದ ಗೇಟುಗಳಂತೆ ಹೊಳೆಯುತ್ತಿದ್ದೆವು.

"ಈ ವೇಗದಲ್ಲಿ ಹರಿವು ಸ್ಥಿರವಾಗೇ ಇರ್ತದೆ" ಎಂದರು ಮೇಡಂ, ಕನ್ನಡಕ ಒರೆಸಿಕೊಳ್ಳುತ್ತ. "ಹರಿಯಕ್ಕೆ ನೀರು ಉಳಿದಿದ್ರೆ."

ಎರಡನೆಯ ಸಲ ಇಂಜಿನ್ನಿಗೆ ನಮಸ್ಕಾರ ಹಾಕಿ, ಸುತ್ತಿಸುವ ಕೆಲಸ ನನ್ನ ಹೆಗಲಿಗೆ ಬಂತು. ಹಲಗೆಗೆ ಒಂದು ಬಿದಿರು ಕಟ್ಟಿ, ಗಾಣದ ಎತ್ತಿನ ಹಾಗೆ ಅದನ್ನು ತಳ್ಳುತ್ತ ನಾನು ಸುತ್ತಬೇಕು. ಒಂದೇ ಸಮ ಸುತ್ತಬೇಕು. ನನ್ನ ಹೆಜ್ಜೆ ಏರುಪೇರಾಗುತ್ತದೆ ಎಂದು ಹನೀಫನಿಗೆ ಊಟದ ತಟ್ಟೆ ಕೊಟ್ಟು ತಾಳ ಬಡಿಯಲು ಹೇಳಿದರು. ಮೇಡಂ ಕೂರುವ ಮೊದಲು ಯಾರಾದರೂ ಕೂತು ನೋಡಲಿ ಎಂದಾಗ ಸುಜಾತ ಸೆರಗು ಸಿಕ್ಕಿಸಿ ಹತ್ತಿದಳು. ಮದುವೆಯಾದಂದಿನಿಂದ ನಾನು ಅವಳನ್ನು ಎಲ್ಲಿಗೂ ಸುತ್ತಾಡಿಸಲು ಕರೆದುಕೊಂಡು ಹೋಗಿಲ್ಲವೆಂಬ ದೂರು ಅಂದಿಗೆ ತೀರಿತು.

"ಎಂತ ಕಾಣ್ತದೆ?" ಮೇಡಂ ಕೂಗಿದರು.

"ನೀರು ಹೋಗ್ತಾ ಇದೆ ಅಕ್ಕಾ."

"ಗೆರೆ ಗೆರೆ ಕಾಣ್ತದಾ?"

"ಇಲ್ಲ ಅಕ್ಕಾ. ಸುಮ್ನೆ ಹೋಗ್ತಾ ಇದೆ."

ಸುತ್ತಿದೆ, ಸುತ್ತಿದೆ, ಡ್ರಮ್ಮು ಖಾಲಿಯಾಗುವವರೆಗೆ ಸುತ್ತಿದೆ. ಮತ್ತೆ ತುಂಬಿಸಿದೆವು. ಸ್ವಲ್ಪ ನಿಧಾನ, ಸ್ವಲ್ಪ ಜೋರು, ಎಲ್ಲ ಆಯಿತು. ನೀರು ಅಲುಗಲಿಲ್ಲ. ಮೇಡಂ ಕಣದ ಕಟ್ಟೆಯ ಮೇಲೆ ಹೋಗಿ ಕೂತರು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಅಷ್ಟೊಂದು ಸಣ್ಣಗಾಗಿ ಅವರು ಕೂತದ್ದನ್ನು ನಾನು ನೋಡಿರಲಿಲ್ಲ.

"ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದ್ನಾ ಅಂತ" ಎಂದರು.

"ಇಲ್ಲ ಮೇಡಂ, ನಮ್ಮ ಆಕ್ಸಲ್ಲೇ ಸರಿ ಇಲ್ವೇನೋ" ಎಂದ ಹನೀಫ. ತನ್ನ ಆಕ್ಸಲ್ ಬಗ್ಗೆ ಅವನು ಯಾರ ಮುಂದೆಯೂ ಹಾಗೆ ಹೇಳಿದವನಲ್ಲ.

ಮೇಡಂ ಎದ್ದು, ಕಾಲುವೆಯ ಬಾಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ನೀರಿಗೆ ಕೈಯೊಡ್ಡಿದರು. ಬೆರಳು ಬೆರಳು ಉಜ್ಜಿದರು. ಇನ್ನೊಮ್ಮೆ ಉಜ್ಜಿದರು. "ಇದು ಎಲ್ಲಿಯ ನೀರು?"

ನಾನೂ ಹನೀಫನೂ ಮುಖ ಮುಖ ನೋಡಿಕೊಂಡೆವು. ಫೆಬ್ರವರಿ ತಿಂಗಳು. ಹಳ್ಳ ಬತ್ತುತ್ತಿರುವಾಗ ಒಳ್ಳೆಯ ನೀರನ್ನು ಕಣಕ್ಕೆ ಚೆಲ್ಲುವ ಕೃಷಿಕ ನಮ್ಮ ಸೀಮೆಯಲ್ಲಿಲ್ಲ. ಕಾಫಿ ಹಣ್ಣು ಸುಲಿದ ನೀರನ್ನೇ ತಿರುಗಿಸಿ ತಿರುಗಿಸಿ ಬಳಸುವುದು ಎಲ್ಲರ ರೂಢಿ. ನಾವೂ ಪಲ್ಪರ್ ತೊಟ್ಟಿಗೇ ಪೈಪು ಹಾಕಿದ್ದೆವು.

"ಪಲ್ಪರ್ ನೀರು ಮೇಡಂ" ಎಂದೆ.

"ಕಾಫಿ ಹಣ್ಣಿನ ಲೋಳೆ ನೀರು! ಅಂಬಲಿ ಹಂಗೆ ಮಂದ ಆಗಿದೆ, ಇದೆಲ್ಲಿ ಹೊರಳ್ತದೆ?" ಮೇಡಂ ಕೂಗಿದ ಕೂಗಿಗೆ ಪಕ್ಕದ ಎಸ್ಟೇಟಿನ ರೈಟರು ಬೇಲಿಯ ಹತ್ತಿರ ಬಂದು ನೋಡಿದರು. "ನಾನು ಲೆಕ್ಕ ತಪ್ಪಿದೆ ಅಂತ ಸಾಯಕ್ಕೆ ಹೊರಟಿದ್ದೆ! ನೀರು ಕೇಳಿದ್ರೆ ಗಂಜಿ ಕೊಟ್ಟಿದೀರಲ್ಲ, ಅಯೋಗ್ಯರಾ!" ಬೈಯುತ್ತ ಬೈಯುತ್ತ ಅವರ ಮುಖ ಅರಳುತ್ತಿತ್ತು. ಅಷ್ಟು ಸಂತೋಷದಿಂದ ನನ್ನನ್ನು ಇನ್ನು ಯಾರೂ ಬೈದಿಲ್ಲ.

ಸುಜಾತ ಹೋಗಿ ಮನೆಯ ಕುಡಿಯುವ ನೀರಿನ ಟ್ಯಾಂಕಿಗೆ ಪೈಪು ಸಿಕ್ಕಿಸಿ ಬಂದಳು.

ಆ ಸಲ ಮೇಡಂ ತಾವೇ ಹತ್ತುತ್ತೇನೆ ಎಂದರು. ಹನೀಫ ಜೀಪಿನ ಸೀಟ್ ಬೆಲ್ಟನ್ನು ಬಿಚ್ಚಿ ತಂದು ಅವರನ್ನು ಕುರ್ಚಿಗೆ ಬಿಗಿದ. ಸುಜಾತ ಮಡಿಲಲ್ಲಿ ಒಂದು ಬಕೆಟ್ ಇಟ್ಟಳು. ಮೇಡಂ ಬಕೆಟನ್ನು ಅಪ್ಪಿಕೊಂಡು, ಬಾಯಲ್ಲಿ ಶುಂಠಿ ಇಟ್ಟುಕೊಂಡು, ಯುದ್ಧಕ್ಕೆ ಹೊರಟವರ ಹಾಗೆ ನೆಟ್ಟಗೆ ಕೂತರು. "ಮಾರಾಯ, ನಾನು ವಾಂತಿ ಮಾಡಿದ್ರೂ ನಿಲ್ಲಿಸ್ಬೇಡ. ಒಂದೇ ಸಮ" ಎಂದರು. ತಾಳ ಹಾಕುವ ತಟ್ಟೆ ಈಗ ಸುಜಾತಳ ಕೈಗೆ ಹೋಯಿತು. ಸಾರಿನ ಉಪ್ಪಿನ ಸಿಟ್ಟೆಲ್ಲ ಆ ತಟ್ಟೆಯ ಮೇಲೆ ಬಿದ್ದರೂ ತಾಳ ತಪ್ಪಲಿಲ್ಲ.

ನಾನು ತಳ್ಳಿದೆ. ಅವರು ನನ್ನ ಎದುರಿಗೇ ಇದ್ದರು, ನಾನು ಸುತ್ತಿದಷ್ಟೂ ಅವರೂ ಸುತ್ತುತ್ತಿದ್ದರು. ಮುಖ ಈಗ ಬಿಳುಚುತ್ತದೆ, ಇನ್ನೇನು ಬಕೆಟ್ಟಿಗೆ ಬಗ್ಗುತ್ತಾರೆ ಎಂದು ಕಾಯುತ್ತಿದ್ದೆ. ಏನೂ ಆಗಲಿಲ್ಲ.

"ಹೊಟ್ಟೆ ತೊಳಸ್ತದಾ ಅಕ್ಕಾ?"

"ಇಲ್ವಲ್ಲೇ!" ಅವರಿಗೇ ಆಶ್ಚರ್ಯ. "ಪಕ್ಕದಲ್ಲಿ ಎಂತದೂ ಕಾಣ್ತಾ ಇಲ್ಲ. ಮರ ಸುತ್ತೋದು ಕಾಣಲ್ಲ, ಮನೆ ಸುತ್ತೋದು ಕಾಣಲ್ಲ. ಕಾಲುವೆ ಒಂದೇ ಕಾಣ್ತದೆ, ಅದು ನಿಂತೇ ಇದೆ. ಕುಲುಕಾಟಾನೂ ಇಲ್ಲ." ಮುಚ್ಚಿಕೊಂಡು ಬರುತ್ತಿದ್ದ ಆ ಕಣ್ಣೇ ಅವರ ಸುತ್ತಲಿನ ಪ್ರಪಂಚವನ್ನು ಮರೆಮಾಡಿ ಹೊಟ್ಟೆಯನ್ನು ಕಾಪಾಡುತ್ತಿತ್ತು. ಮೇಡಂ ಬಕೆಟನ್ನು ಕೆಳಕ್ಕೆ ಎಸೆದರು. ಅದು ನನ್ನ ಕಾಲಿಗೆ ಬಿತ್ತು, ನಾನು ಹೆಜ್ಜೆ ತಪ್ಪಿಸಲಿಲ್ಲ.

ಸ್ವಲ್ಪ ಹೊತ್ತಿಗೆ, "ಸುಮ್ನಿರಿ" ಎಂದರು. ಯಾರೂ ಮಾತಾಡಿರಲಿಲ್ಲ.

ಮುಂದಕ್ಕೆ ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದರು. "ಬಂತು" ಎಂದರು, ಬಹಳ ಮೆಲ್ಲಗೆ. ಆಮೇಲೆ ಜೋರಾಗಿ, "ಬಂತು, ಬಂತು, ಬಂತು ಮಾರಾಯ!" ಎಂದು ಕುರ್ಚಿಯಲ್ಲೇ ಕುಣಿಯತೊಡಗಿದರು. ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ಸುರಿದರೆ ಕಾಣುವುದಿಲ್ಲವೆಂದು ಸೆರಗಿನಿಂದ ಒರೆಸಿ ಒರೆಸಿ ನೋಡುತ್ತಿದ್ದರು. ಡ್ರಮ್ಮು ಖಾಲಿಯಾಗುವವರೆಗೆ ನನ್ನನ್ನು ನಿಲ್ಲಲು ಬಿಡಲಿಲ್ಲ. ಖಾಲಿಯಾದ ಮೇಲೆ ಮತ್ತೆ ತುಂಬಿಸಿ ಎಂದರು. ಅಂದು ನಮ್ಮ ಮನೆಯಲ್ಲಿ ಅಕ್ಕಿ ತೊಳೆಯಲೂ ನೀರಿರಲಿಲ್ಲ.

ಕೆಳಗಿಳಿದ ಮೇಲೆ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ ಸುತ್ತಿಸಿದರು. "ನಾಳೆ ನಂಗೆ ಪೂರ್ತಿ ಕಾಣ್ದೇ ಹೋದ್ರೆ, ಹೆಂಗಿತ್ತು ಅಂತ ಕೇಳಕ್ಕೆ ಯಾರಾದ್ರೂ ಬೇಕಲ್ಲ" ಎಂದರು. ಬಿದಿರನ್ನು ಹನೀಫನಿಗೆ ಕೊಟ್ಟು ನಾನು ಹತ್ತಿ ನೋಡಿದೆ. ಗಾಜಿನ ಉದ್ದಕ್ಕೂ, ಒಂದರ ಮೇಲೊಂದು, ಬೆಳ್ಳಿಯ ಗೆರೆಗಳು ಮಲಗಿದ್ದವು, ನಡುನಡುವೆ ಕಪ್ಪು. ಅವು ಅಲ್ಲಲ್ಲಿ ಬಳುಕುತ್ತಿದ್ದವು. ಸುಜಾತ ತಟ್ಟೆ ಬಡಿಯುವುದು ನಿಲ್ಲಿಸಿದಳು, ಹಲಗೆ ನಿಂತೊಡನೆ ಗೆರೆಗಳು ಕಲಸಿಹೋಗಿ ಬರೀ ನೀರಾಯಿತು. ಸುಜಾತಳೂ ಎರಡನೆಯ ಸಲ ಹತ್ತಿ ನೋಡಿ, ಬೆಳ್ಳಿ ಜರಿಯ ಅಂಚು ಎಂದಳು. ಕೊನೆಗೆ ಹನೀಫ ಹತ್ತಿದ. ಇಳಿದಾಗ ಅವನ ಮುಖ ಹಸಿರಾಗಿತ್ತು. "ಬಹಳ ಚೆನ್ನಾಗಿತ್ತು ಮೇಡಂ" ಎಂದು ಹೇಳಿ ನೇರ ಪಲ್ಪರ್ ಶೆಡ್ಡಿನ ಹಿಂದೆ ಹೋದ. ಆಮೇಲೆ ನನ್ನೊಬ್ಬನ ಕಿವಿಯಲ್ಲಿ, "ಯಾರಿಗೂ ಹೇಳ್ಬೇಡಿ. ಹತ್ತಿದಾಗಿಂದ ಇಳಿಯೋವರೆಗೂ ಕಣ್ಣು ಮುಚ್ಕೊಂಡಿದ್ದೆ" ಎಂದ.

ಡಾಕ್ಟರು ಹೇಳಿದ ಹಾಗೆಯೇ ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮೇಡಂಗೆ ಬೆಳಕು ಕತ್ತಲೆ ಎರಡು ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಅವರ ಕಿರುಕುಳಗಳು ಮಾತ್ರ ನಿಲ್ಲಲಿಲ್ಲ. ನೋಡಿಕೊಳ್ಳಲು ಬಂದ ಹೆಂಗಸಿಗೆ ಒಂದು ದಿನ ಬಲಗಾಲಿನ ಚಪ್ಪಲಿ ಸಿಗುತ್ತಿರಲಿಲ್ಲ, ಇನ್ನೊಂದು ದಿನ ಎಡಗಾಲಿನದ್ದು. ಸಂಜೆ ನಾವು ಹೋದರೆ, ಕಾಫಿ ಬರುವ ಮೊದಲೇ, "ಹೆಂಗಿತ್ತು ಹೇಳು" ಎನ್ನುತ್ತಿದ್ದರು. ನಾನು ಬೆಳ್ಳಿ ಗೆರೆ ಎನ್ನುತ್ತಿದ್ದೆ. ಎರಡು ಮಾತಿಗೆ ನನ್ನ ವರ್ಣನೆ ಮುಗಿದುಹೋಗುತ್ತಿತ್ತು. ಸುಜಾತ ಜರಿ ಅಂಚಿನಿಂದ ಶುರುಮಾಡಿ ಯಾರ ಮದುವೆಯ ಸೀರೆಗೋ ಹೋಗಿಬಿಡುತ್ತಿದ್ದಳು. ಅವರಿಗೆ ಇಷ್ಟವಾದದ್ದು ಹನೀಫ ಹೇಳುತ್ತಿದ್ದದ್ದು. "ಶಾವಿಗೆ ಒತ್ತಿದ ಹಂಗೆ ಮೇಡಂ, ಸಾಲಾಗಿ. ಒಂದು ಈ ಕಡೆ ಹೊರಳ್ತದೆ, ಪಕ್ಕದ್ದು ಆ ಕಡೆ ಹೊರಳ್ತದೆ. ಒಂದಕ್ಕೊಂದು ತಾಗಲ್ಲ, ಜಗಳ ಇಲ್ಲ. ಎದುರಿನ ಗಾಜಿನ ಹತ್ರ ನೀರು ನಿದ್ದೆ ಮಾಡ್ತಾ ಇದೆ..." ಹೀಗೆ ಅವನು ಕೈಯಾಡಿಸುತ್ತ ಹೇಳುತ್ತಿದ್ದರೆ ಮೇಡಂ ಹೂಂ, ಹೂಂ ಎನ್ನುತ್ತ ಕೇಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ತಳ್ಳಿದವನು ನಾನು, ಮೊಬೈಲ್ ಕಳೆದುಕೊಂಡವನು ನಾನು, ಕಣ್ಣು ಬಿಟ್ಟು ನೋಡಿದವನೂ ನಾನು.

ಕೊನೆಯ ದಿನಗಳಲ್ಲಿ ಮೇಡಂ ಮಂಚ ಬಿಟ್ಟು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನೊಬ್ಬನೇ ಹೋದಾಗ ದನಿ ಬಹಳ ಇಳಿದಿತ್ತು. "ಹನೀಫ ಬರಲಿಲ್ವಾ? ಕರ್ಕೊಂಡು ಬಾ ಮಾರಾಯ. ಅವನ ಬಾಯಲ್ಲಿ ಇನ್ನೊಂದು ಸಲ ಕೇಳ್ಬೇಕು" ಎಂದರು.

ನನಗೆ ತಡೆಯಲಾಗಲಿಲ್ಲ. "ಮೇಡಂ, ಅವನು ನೋಡೇ ಇಲ್ಲ. ಅವತ್ತು ಪೂರ್ತಿ ಕಣ್ಣು ಮುಚ್ಕೊಂಡಿದ್ದ" ಎಂದುಬಿಟ್ಟೆ.

"ಗೊತ್ತು" ಎಂದರು.

"ಗೊತ್ತಾ?"

"ಅವತ್ತು ನಂಗಿನ್ನೂ ಒಂದು ಕಣ್ಣು ಇತ್ತಲ್ಲ. ಕುರ್ಚಿ ಗಟ್ಟಿ ಹಿಡ್ಕೊಂಡು, ಕಣ್ಣು ಮುಚ್ಕೊಂಡು, ದೇವರನ್ನ ನೆನೀತಾ ಇದ್ದ. ನಾನು ಅವನ ಮುಖಾನೇ ನೋಡ್ತಾ ಇದ್ದೆ."

"ಮತ್ತೆ ಅವನು ಹೇಳೋದೇ ಎಂತಕ್ಕೆ ಬೇಕು ನಿಮಗೆ?"

ಮೇಡಂ ನಗಲು ಹೋಗಿ ಕೆಮ್ಮಿದರು. "ನೋಡದೇ ಅಷ್ಟು ಸರಿಯಾಗಿ ಹೇಳ್ತಾನಲ್ಲ ಮಾರಾಯ. ಇಡೀ ಜನ್ಮ ನಾನೂ ಹಂಗೇ ತಾನೇ ಹೇಳಿದ್ದು."

ನಾನು ಹೋಗಿ ಹನೀಫನನ್ನು ಕರೆದುಕೊಂಡು ಬಂದೆ.